ಕರೆಂಟಿನ ಕಂಪನಿಯನ್ನು ನಾವೇ ಆರಿಸಬಹುದೇ?

ಪ್ರಶ್ನೆ: ಮೊಬೈಲ್ ಕಂಪನಿಯನ್ನು ಬದಲಾಯಿಸುವಂತೆ ಮನೆಗೆ ಕರೆಂಟು ಕೊಡುವ ಕಂಪನಿಯನ್ನೂ ಬದಲಾಯಿಸಲು ನಮ್ಮಲ್ಲಿ ಏಕೆ ಸಾಧ್ಯವಾಗಿಲ್ಲ?

ಉತ್ತರ: 2003ರ ವಿದ್ಯುತ್ ಕಾಯ್ದೆಯು ಒಂದೇ ಪ್ರದೇಶದಲ್ಲಿ ಒಂದಕ್ಕಿಂತ ಹೆಚ್ಚು ಕಂಪನಿಗಳಿಗೆ ವಿತರಣಾ ಪರವಾನಗಿ ನೀಡಲು ಅವಕಾಶ ಕೊಟ್ಟಿದೆಯಾದರೂ, ಪ್ರತಿ ಕಂಪನಿಯೂ ತನ್ನದೇ ತಂತಿಜಾಲವನ್ನು ಹೊಂದಿರಬೇಕೆಂಬ ಷರತ್ತು ಇದ್ದುದರಿಂದ, ಅದೇ ಬೀದಿಯಲ್ಲಿ ಮತ್ತೊಂದು ಸಾಲು ಕಂಬ ನೆಡುವ ಖರ್ಚಿಗೆ ಸುಲಭವಾಗಿ ಯಾರೂ ಮುಂದಾಗುವುದಿಲ್ಲ. ಮುಂಬಯಿಯ ಉಪನಗರಗಳ ಕಥೆ ಬೇರೆ. ಅಲ್ಲಿ 2008ರ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ಟಾಟಾ ಪವರ್ ಎದುರಾಳಿ ಕಂಪನಿಯ ತಂತಿಗಳ ಮೂಲಕವೇ ಮನೆಗಳಿಗೆ ವಿದ್ಯುತ್ ಮಾರತೊಡಗಿತು. ಆದರೆ ತಂತಿಯ ಬಾಡಿಗೆಯ ಜೊತೆಗೆ ಅಡ್ಡ ಸಬ್ಸಿಡಿಯ (ಕೆಲವರಿಂದ ಹೆಚ್ಚು ದರ ಪಡೆದು ಇತರರಿಗೆ ಅಗ್ಗವಾಗಿ ಕೊಡುವ ಪದ್ಧತಿಯ) ಸರ್‌ಚಾರ್ಜ್ ಕೂಡ ಬಿಲ್ಲಿಗೆ ಸೇರಿದಾಗ ಗ್ರಾಹಕರ ಉಳಿತಾಯದಲ್ಲಿ ಒಂದು ಪಾಲು ಕರಗಿತು.

ಕರ್ನಾಟಕದಲ್ಲಿ 1 ಮೆಗಾವ್ಯಾಟ್ ಮೀರಿದ ಬೇಡಿಕೆಯ ಕಾರ್ಖಾನೆಗಳು ಮುಕ್ತ ಪ್ರವೇಶದ ನಿಯಮದಡಿ ಸ್ಥಳೀಯ ವಿತರಣಾ ಕಂಪನಿಯನ್ನು ಬಿಟ್ಟು ಹೊರಗಿನಿಂದ ವಿದ್ಯುತ್ ಕೊಳ್ಳಬಹುದು. ರೈತರ ಪಂಪ್‌ಸೆಟ್ಟುಗಳ ಹೊರೆಯನ್ನು ಯಾರು ಹೊರಬೇಕೆಂಬುದನ್ನು ಮೊದಲು ತೀರ್ಮಾನಿಸದೆ ಸ್ಪರ್ಧೆಗೆ ಪೂರ್ತಿ ಬಾಗಿಲು ತೆರೆದರೆ, ಹೆಚ್ಚು ದರ ತೆರುವ ಗ್ರಾಹಕರೆಲ್ಲ ಖಾಸಗಿಯವರತ್ತ ಹೋಗಿ, ನಷ್ಟದ ಸಂಪರ್ಕಗಳಷ್ಟೇ ಸರ್ಕಾರಿ ವಿತರಣಾ ಕಂಪನಿಗಳಾದ ಎಸ್ಕಾಂಗಳ ಪಾಲಿಗೆ ಉಳಿದಾವು.