ಮುತ್ಯಾ ಮತ್ತು ಕಳ್ಳರ ಕಪಾಟು

ಹಾವೇರಿಯ ನಿವೃತ್ತ ಗ್ರಂಥಪಾಲಕರೊಬ್ಬರ ಪತ್ರ: "ಪುಸ್ತಕ ಯಾವುದರ ಬಗ್ಗೆ ಎಂದು ಗ್ರಂಥಾಲಯದ ಸೂಚಿಯಲ್ಲಿ ಬರೆಯುವ ವಿಷಯ ಶೀರ್ಷಿಕೆಗಳಲ್ಲಿ ಅನ್ಯಾಯವಿದೆ ಎಂಬ ಕಳೆದ ಸಂಚಿಕೆಯ ಲೇಖನ ಅತಿರೇಕದ್ದು. ಶೀರ್ಷಿಕೆ ಬರೀ ಗುರುತಿನ ಚೀಟಿ. ಅದನ್ನು ಬದಲಿಸಿದರೆ ಪುಸ್ತಕದೊಳಗಿನ ಒಂದಕ್ಷರವೂ ಬದಲಾಗದು. ಕಾಲಕ್ಕೊಂದು ಹೆಸರಿಡುತ್ತ ಹೋದರೆ ಸೂಚಿ ಸಂತೆಯಾಗುತ್ತದೆ."

ಮಾನ್ಯರೇ,

ಮೂವತ್ತೈದು ವರ್ಷ ಸೂಚಿಯ ಖಾನೆಗಳ ನಡುವೆ ಬದುಕಿದ ನಿಮ್ಮ ಮಾತನ್ನು ಹಗುರವಾಗಿ ತಳ್ಳಿಹಾಕುವ ಧೈರ್ಯ ನನಗಿಲ್ಲ. ಒಂದು ವಿಷಯಕ್ಕೆ ಒಂದೇ ಹೆಸರು ನಿಲ್ಲದಿದ್ದರೆ ಓದುಗ ದಿಕ್ಕು ತಪ್ಪುತ್ತಾನೆ ಎಂಬುದನ್ನು ಒಪ್ಪಿದೆ. ಆದರೆ 'ಬರೀ ಗುರುತಿನ ಚೀಟಿ' ಎಂದಿರಲ್ಲ, ಅಲ್ಲಿ ನನ್ನ ತಕರಾರಿದೆ.

ಹೋದ ವರ್ಷ ಹುಬ್ಬಳ್ಳಿಯ ಸೆಟ್ಲಮೆಂಟಿನ ವಿದ್ಯಾರ್ಥಿನಿಯೊಬ್ಬಳು ನಮ್ಮ ಕಚೇರಿಗೆ ಬಂದಿದ್ದಳು. ಬ್ರಿಟಿಷರು 1871ರಲ್ಲಿ ಮೊದಲು ತಂದು, ಆಮೇಲೆ ಮತ್ತೆ ಮತ್ತೆ ಬಿಗಿಗೊಳಿಸಿದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಅಡಿಯಲ್ಲಿ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಬರೆದುಕೊಂಡು ಕೂಡಿಹಾಕಿದ ಜಾಗಗಳಲ್ಲಿ ಅದೂ ಒಂದೆಂಬುದು ನಿಮಗೆ ಗೊತ್ತೇ ಇದೆ. ತನ್ನ ಮುತ್ಯಾನ ಕಾಲದ ಬಗ್ಗೆ ಪ್ರಬಂಧ ಬರೆಯಲು ಅವಳಿಗೆ ಪುಸ್ತಕ ಬೇಕಿತ್ತು. ಗ್ರಂಥಾಲಯವೊಂದಕ್ಕೆ ನಾನೇ ಜೊತೆಗೆ ಹೋದೆ. ಸಮುದಾಯದ ಹೆಸರು ಹಾಕಿದರೆ ಕಂಪ್ಯೂಟರಿನಲ್ಲಿ ಏನೂ ಬರಲಿಲ್ಲ. ಕೊನೆಗೆ ಮೂಲೆಯಲ್ಲಿದ್ದ ಹಳೆಯ ಕಾರ್ಡಿನ ಖಾನೆಯನ್ನು ಎಳೆದೆವು. ಹಿತ್ತಾಳೆಯ ಸರಳಿಗೆ ಪೋಣಿಸಿದ, ಬೆರಳಿನ ಮಣ್ಣಿಗೆ ಅಂಚು ಕಪ್ಪಾದ ಆ ಕಾರ್ಡಿನ ತಲೆಯ ಮೇಲೆ ಕೆಂಪು ಶಾಯಿಯಲ್ಲಿ 'ಅಪರಾಧಿಗಳು' ಎಂದಿತ್ತು. ಪುಸ್ತಕವೂ ಅದಕ್ಕೆ ತಕ್ಕಂತೆ, ವಿಷಯಕ್ಕೊಂದು ಅಂಕಿ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿಯ 364ರಲ್ಲಿ, ಜೈಲು ಮತ್ತು ಕಳ್ಳತನದ ಪುಸ್ತಕಗಳ ನಡುವೆ ಕುಳಿತಿತ್ತು. "ನಮ್ಮ ಮುತ್ಯಾನ್ನ ಕಳ್ಳರ ಕಪಾಟಿನ್ಯಾಗ ಯಾಕ ಇಟ್ಟಾರ್ರಿ, ಸರ್?" ಎಂದಳು ಹುಡುಗಿ. ಕಾಯ್ದೆ 1952ರಲ್ಲಿಯೇ ದೇಶದಾದ್ಯಂತ ರದ್ದಾಗಿತ್ತು, ಕಾರ್ಡು ರದ್ದಾಗಿರಲಿಲ್ಲ.

ಪುಸ್ತಕದೊಳಗಿನ ಅಕ್ಷರ ಬದಲಾಗದು ಎನ್ನುತ್ತೀರಿ, ನಿಜ. ಆದರೆ ಅವಳು ಒಬ್ಬಳೇ ಹೋಗಿದ್ದರೆ ಆ ಪುಸ್ತಕವನ್ನು ತೆರೆಯುತ್ತಲೇ ಇರಲಿಲ್ಲ. ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ ಎಂದು ನಮ್ಮ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಹೇಳಿದ ಸೂತ್ರಗಳನ್ನು ನೀವು ಪರೀಕ್ಷೆಗಾಗಿ ಬಾಯಿಪಾಠ ಮಾಡಿದವರು. ಆ ಎರಡು ಸೂತ್ರಗಳು ಭೇಟಿಯಾಗುವ ಕಟ್ಟೆಯೇ ವಿಷಯ ಶೀರ್ಷಿಕೆಯಲ್ಲವೇ?

ಇದನ್ನು ಇತ್ತೀಚಿನ ಹುಚ್ಚು ಎಂದೂ ನೀವು ಭಾವಿಸಬಾರದು. ಸ್ಯಾನ್‌ಫರ್ಡ್ ಬರ್ಮನ್ ಎಂಬ ಅಮೆರಿಕದ ಗ್ರಂಥಪಾಲಕ ಜಾಂಬಿಯಾದಲ್ಲಿ ಕೆಲಸ ಮಾಡುತ್ತಿದ್ದಾಗ, ತಮ್ಮ ದೇಶದ ಲೈಬ್ರರಿ ಆಫ್ ಕಾಂಗ್ರೆಸ್ ಎಂಬ ದೊಡ್ಡ ಗ್ರಂಥಾಲಯದ ವಿಷಯ ಶೀರ್ಷಿಕೆಗಳ ಪಟ್ಟಿಯಲ್ಲಿದ್ದ 'ಕಾಫಿರ್' ಎಂಬ ಶೀರ್ಷಿಕೆ ಅಲ್ಲಿಯ ಕರಿಯರಿಗೆ ಬೈಗುಳವೆಂಬುದು ಅವರಿಗೆ ತಿಳಿಯಿತು. ಅಂಥ ಶೀರ್ಷಿಕೆಗಳನ್ನೆಲ್ಲ ಹೆಕ್ಕಿ, ಪ್ರತಿಯೊಂದಕ್ಕೂ ಬದಲಿ ಹೆಸರು ಸೂಚಿಸಿ ಅವರು ಪುಸ್ತಕ ತಂದದ್ದು 1971ರಲ್ಲಿ. ಅದೇ ಪಟ್ಟಿಯಲ್ಲಿ ಕಾಗದಪತ್ರವಿಲ್ಲದ ವಲಸಿಗರನ್ನು ಕರೆಯುತ್ತಿದ್ದ 'ಇಲ್ಲೀಗಲ್ ಏಲಿಯನ್ಸ್' (ಅಕ್ರಮ ಪರಕೀಯರು) ಎಂಬ ಶೀರ್ಷಿಕೆ ತೆಗೆಯಿರೆಂದು 2014ರಲ್ಲಿ ಡಾರ್ಟ್‌ಮತ್ ಕಾಲೇಜಿನ ವಿದ್ಯಾರ್ಥಿಗಳು ಕೇಳಿದರು. 2016ರಲ್ಲಿ ಗ್ರಂಥಾಲಯ ಒಪ್ಪಿತು. ಶಾಸನ ಸಭೆಯ ಸದಸ್ಯರು ಅಡ್ಡಗಾಲು ಹಾಕಿದರು. ಕೊನೆಗೆ ಹೆಸರು ಬದಲಾದದ್ದು 2021ರಲ್ಲಿ. ಬರೀ ಚೀಟಿಯಾಗಿದ್ದರೆ ರಾಜಕಾರಣಿಗಳು ಅದಕ್ಕಾಗಿ ಇಷ್ಟು ಮೈಮೇಲೆ ಬೀಳುತ್ತಿದ್ದರೇ?

ನಿಮ್ಮ ಜಿಲ್ಲೆಯ ಮಾತಿಗೇ ಬರುತ್ತೇನೆ. ಶಿಶುನಾಳ ಶರೀಫರನ್ನು ನೀವು ಎಲ್ಲಿ ಇಟ್ಟಿರಿ? ಗೋವಿಂದ ಭಟ್ಟರ ಶಿಷ್ಯನೆಂದು 294.5ರ ಹಿಂದೂ ಧರ್ಮದಲ್ಲೋ, 297ರ ಇಸ್ಲಾಮಿನಲ್ಲೋ, 894.814ರ ಕನ್ನಡ ಸಾಹಿತ್ಯದಲ್ಲೋ? ಕಪಾಟಿನಲ್ಲಿ ಪುಸ್ತಕಕ್ಕೆ ಒಂದೇ ಜಾಗ, ಒಪ್ಪಿದೆ. ಸೂಚಿಯಲ್ಲಿ ಮಾತ್ರ ಮೂರು ಶೀರ್ಷಿಕೆಗಳಿಂದಲೂ ಅವರ ಬಳಿಗೆ ದಾರಿ ಮಾಡಬಹುದು. ನೀವು ಹೆದರುವ ಸಂತೆಗೂ ನಿಮ್ಮ ವೃತ್ತಿಯಲ್ಲೇ ಮದ್ದಿದೆ: ಹಳೆಯ ಹೆಸರಿನ ಕಾರ್ಡನ್ನು ಕಿತ್ತೆಸೆಯದೆ ಅದರ ಮೇಲೆ 'ನೋಡಿ' ಎಂದು ಬರೆದು ಹೊಸ ಹೆಸರಿಗೆ ಕಳಿಸಿದರೆ, ಹಳಬನೂ ತಪ್ಪಿಸಿಕೊಳ್ಳುವುದಿಲ್ಲ, ಹೊಸಬನೂ ಅವಮಾನಪಡುವುದಿಲ್ಲ.

ಇನ್ನು ಕನ್ನಡದ ಪಾಡು. ಇಂಗ್ಲಿಷ್ ಸಾಹಿತ್ಯಕ್ಕೆ ಡ್ಯೂಯಿ 820ರ ಇಡೀ ವಿಭಾಗ ಕೊಟ್ಟರು. ಕನ್ನಡವನ್ನು 890ರ 'ಇತರ ಭಾಷೆಗಳ' ಸಾಲಿನಲ್ಲಿ, ದಶಾಂಶ ಬಿಂದುವಿನ ಆಚೆ ಮೂರು ಅಂಕಿಗಳಷ್ಟು ಹಿಂದೆ ಕೂಡಿಸಿದರು. ಅದನ್ನು ಸಹಿಸಿಕೊಂಡೆವು. ಆದರೆ ನಾನು ಕಂಡ ಗ್ರಂಥಾಲಯದ ಕಂಪ್ಯೂಟರೊಂದರಲ್ಲಿ ಕನ್ನಡ ಪುಸ್ತಕಗಳ ಶೀರ್ಷಿಕೆಗಳೂ ಇಂಗ್ಲಿಷಿನಲ್ಲೇ ಇದ್ದವು. ಬ್ಯಾಡಗಿಯ ರೈತ ಅಲ್ಲಿ 'ಮೆಣಸಿನಕಾಯಿ' ಎಂದು ಹುಡುಕಿದರೆ ಏನೂ ಸಿಗದು; 'ಕ್ಯಾಪ್ಸಿಕಮ್' ಎನ್ನಬೇಕಂತೆ. ಹುಬ್ಬಳ್ಳಿಯ ಪೇಟೆಯಲ್ಲಿ ಕ್ಯಾಪ್ಸಿಕಮ್ ಎಂದರೆ ಪಲ್ಯಕ್ಕೆ ಹಾಕುವ ದಪ್ಪ ಮೆಣಸಿನಕಾಯಿ! ಆಸ್ತಿ ತೆರಿಗೆಯ ಮೇಲೆ ಶೇ. 6ರ ಗ್ರಂಥಾಲಯ ಕರವನ್ನು ಮಾತ್ರ ನಾವು ಕನ್ನಡದಲ್ಲಿಯೇ ಕಟ್ಟುತ್ತಿದ್ದೇವೆ. ಹಳ್ಳಿಯ ಗ್ರಂಥಾಲಯಗಳಿಗೆ 'ಅರಿವು ಕೇಂದ್ರ' ಎಂಬ ಚೆಂದದ ಹೆಸರಿನ ಫಲಕ ಬಂದಿದೆ. ಒಳಗಿನ ಪುಸ್ತಕಗಳಿಗೂ ಓದುಗನ ಬಾಯಲ್ಲಿರುವ ಹೆಸರು ಬರಲು ಇನ್ನೆಷ್ಟು ಕಾಯಬೇಕೋ.

ಬೇರೆಯವರನ್ನು ಬೈದದ್ದಾಯಿತು. ನಮ್ಮ ಪತ್ರಿಕೆಯ ಹಳೆಯ ಸಂಪುಟಗಳ ಸೂಚಿಯನ್ನು ಈಚೆಗೆ ತೆರೆದು ನೋಡಿದೆ. ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಬಗ್ಗೆ ವಕೀಲೆಯೊಬ್ಬರು ಬರೆದ ಲೇಖನ 'ಮನೆವಾರ್ತೆ' ಎಂಬ ಶೀರ್ಷಿಕೆಯಡಿ, ಉಪ್ಪಿನಕಾಯಿಯ ಪಕ್ಕದಲ್ಲಿದೆ. ಆ ಸೂಚಿ ಮಾಡಿದವನು ನಾನೇ. ನೀವು ಎರಡು ದಿನ ಬಿಡುವು ಮಾಡಿಕೊಂಡು ಧಾರವಾಡಕ್ಕೆ ಬಂದರೆ ಕೂತು ತಿದ್ದೋಣ. ಆ ಹುಡುಗಿಯನ್ನೂ ಕರೆಸುತ್ತೇನೆ. ಬಸ್ಸಿನ ಖರ್ಚು, ಸಂಜೆಯ ಗಿರಮಿಟ್ಟು-ಮಿರ್ಚಿ ಪತ್ರಿಕೆಯದು. 'ನೋಡಿ' ಎಂದು ಬರೆಯಬೇಕಾದ ಕಾರ್ಡುಗಳು ಮಾತ್ರ ನಿಮ್ಮ ಕೈಬರಹದಲ್ಲೇ ಇರಲಿ. ನನ್ನ ಅಕ್ಷರ ನನಗೇ ಓದಲು ಬರುವುದಿಲ್ಲ.

— ಸಂ.