ಕೆರೆಯ ಒಂದು ದಡ ಹಕ್ಕಿಗಿರಲಿ

ಓದುಗರ ಪತ್ರ: ನಮ್ಮೂರ ಕೆರೆ ಅಭಿವೃದ್ಧಿಗೆ ಹಣ ಬಂದಿದೆ. ಹೂಳೆತ್ತಿ, ಜೊಂಡು ಕಿತ್ತು, ಸುತ್ತಲೂ ಕಲ್ಲು ಕಟ್ಟಿ, ವಾಕಿಂಗ್ ಪಾತ್, ಬೋಟಿಂಗ್ ಮಾಡುತ್ತಾರಂತೆ. ಹಕ್ಕಿಗಳು ಉಳಿಯಬೇಕಾದರೆ ಜನರನ್ನು ದೂರವಿಡಬೇಕೇ?
— ತಿಪಟೂರು ತಾಲ್ಲೂಕಿನ ಓದುಗರು

ಸಂಪಾದಕರ ಉತ್ತರ: ಜನರನ್ನು ದೂರವಿಡಬೇಕಿಲ್ಲ. ಸುತ್ತಲೂ ಕಲ್ಲು ಕಟ್ಟುವುದನ್ನು ಮಾತ್ರ ಈಗಲೇ ತಡೆಯಿರಿ, ಟೆಂಡರ್ ಆದಮೇಲೆ ಯಾರೂ ಕೇಳುವುದಿಲ್ಲ.

ಕೆರೆ ನೋಡಲು ಹೋದವರು ಏರಿಯ ಮೇಲೆ ನಿಂತು ಆಳದ ನೀರು ನೋಡಿ ಬರುತ್ತಾರೆ. ಜೀವ ಹೆಚ್ಚಿರುವುದು ಎದುರು ದಡದಲ್ಲಿ, ಹಳ್ಳ ಬಂದು ಸೇರುವ ಕಡೆ. ಅಲ್ಲಿ ಮೊಣಕಾಲುದ್ದ ನೀರು, ಕೆಸರು, ಜೊಂಡು. ಬಣ್ಣದ ಕೊಕ್ಕರೆ, ಮೆಟ್ಟುಗಾಲು ಹಕ್ಕಿ ನೀರಲ್ಲಿ ನಿಂತೇ ಮೇಯಬೇಕು. ಜಂಬುಕೋಳಿ ಜೊಂಡಿನೊಳಗೇ ಗೂಡು ಕಟ್ಟುತ್ತದೆ. ಜೆಸಿಬಿ ತಂದು ಕೆರೆಯನ್ನು ತೊಟ್ಟಿಯ ಹಾಗೆ ನೆಟ್ಟಗೆ ಅಗೆದು ಸುತ್ತಲೂ ಕಲ್ಲು ಕಟ್ಟಿದರೆ ಇವಕ್ಕೆ ಕಾಲೂರಲು ಜಾಗವಿರುವುದಿಲ್ಲ. ಹೂಳನ್ನು ಏರಿಯ ಹತ್ತಿರ, ತೂಬಿನ ಸುತ್ತ ತೆಗೆಯಲಿ. ಒಳಹರಿವಿನ ಕಡೆ ನೆಲ ಇಳಿಜಾರಾಗಿಯೇ ಇರಲಿ.

ಜೊಂಡನ್ನು ಕಳೆಯೆಂದು ಬಗೆಯುವವರು ಬೆಂಗಳೂರಿನ ಜಕ್ಕೂರು ಕೆರೆ ನೋಡಬೇಕು. ಸುಮಾರು 160 ಎಕರೆಯ ಆ ಕೆರೆಗೆ ಬರುವುದು ಬಹುಪಾಲು ಕೊಳಚೆ ನೀರೇ. ಜಲಮಂಡಳಿಯ ಘಟಕದಲ್ಲಿ ಸಂಸ್ಕರಿಸಿದ ನೀರನ್ನು ನೇರವಾಗಿ ಕೆರೆಗೆ ಬಿಡದೆ, ಜೊಂಡು ಬೆಳೆದ ಜೌಗಿನ ಮೂಲಕ ಹಾಯಿಸುತ್ತಾರೆ. ಘಟಕದಲ್ಲಿ ಪೂರ್ತಿ ಹೋಗದ ಸಾರಜನಕ, ರಂಜಕಗಳನ್ನು ಜೊಂಡು, ಅದರ ಬೇರಿಗಂಟಿದ ಸೂಕ್ಷ್ಮಜೀವಿಗಳು ಒಂದಷ್ಟು ಹೀರಿಕೊಳ್ಳುತ್ತವೆ. ಅಲ್ಲಿ ಹೆಜ್ಜಾರ್ಲೆಗಳಿವೆ (ಪೆಲಿಕನ್), ಮೀನು ಹಿಡಿಯುವವರಿದ್ದಾರೆ, ಬೆಳಗಾದರೆ ನಡೆಯಲು ಬರುವವರಿದ್ದಾರೆ. ಒಂದು ಎಚ್ಚರಿಕೆ: ಜೊಂಡನ್ನು ಆಗಾಗ ಕೊಯ್ದು ಹೊರಗೆ ಸಾಗಿಸಬೇಕು. ನೀರಲ್ಲೇ ಕೊಳೆತರೆ ಹೀರಿದ್ದೆಲ್ಲ ಮತ್ತೆ ಕೆರೆಗೇ ಸೇರುತ್ತದೆ. ನಿಮ್ಮೂರ ಚರಂಡಿ ಕೆರೆಗೆ ಹರಿಯುತ್ತಿದ್ದರೆ ಮೊದಲ ಖರ್ಚು ಅದಕ್ಕಾಗಲಿ. ಕಾರಂಜಿ, ಸೆಲ್ಫಿ ಪಾಯಿಂಟ್ ಯಾವಾಗಲಾದರೂ ಮಾಡಬಹುದು.

ದೋಣಿಯೂ ಇರಲಿ, ಮೋಟಾರು ಬೇಡ. 2022ರಲ್ಲಿ ರಾಜ್ಯದ ಮೊದಲ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವಾದ ರಂಗನತಿಟ್ಟು ಪಕ್ಷಿಧಾಮದಲ್ಲಿ ಹುಟ್ಟು ಹಾಕುವ ದೋಣಿಯಲ್ಲೇ ಪ್ರವಾಸಿಗರನ್ನು ಗೂಡುಗಳ ಸನಿಹಕ್ಕೆ ಕರೆದೊಯ್ಯುತ್ತಾರೆ. ನಡಿಗೆಯ ದಾರಿ ಏರಿಯ ಮೇಲೆ ಮತ್ತು ಊರ ಕಡೆಯ ದಡದಲ್ಲಿ ಸಾಕು. ಜೊಂಡಿನ ದಡಕ್ಕೆ ದಾರಿಯನ್ನೂ ದೀಪವನ್ನೂ ಒಯ್ಯಬಾರದು.

ಕಾಮಗಾರಿಯ ನಕ್ಷೆಯ ಪ್ರತಿ ಕೇಳಿ ಪಡೆಯಿರಿ. ಮೀನು ಹಿಡಿಯುವವರನ್ನೂ ದನ ಮೇಯಿಸುವವರನ್ನೂ ಜೊತೆಗೆ ಕರೆದುಕೊಂಡು ಗ್ರಾಮಸಭೆಗೆ ಹೋಗಿ. ನೀರು ಯಾವ ತಿಂಗಳಲ್ಲಿ ಎಲ್ಲಿವರೆಗೆ ನಿಲ್ಲುತ್ತದೆಂದು ಅವರಿಗೆ ಗೊತ್ತು. ಆ ಗೆರೆ ನಕ್ಷೆಯಲ್ಲಿ ಬರಲಿ.