ಬ್ರುಮಿಡಿ ಯಾವ ದೇಶದವರು?

ಶಿವಮೊಗ್ಗದ ಓದುಗರಿಗೆ, ನಮಸ್ಕಾರ.

ಕಾನ್‌ಸ್ಟಾಂಟಿನೊ ಬ್ರುಮಿಡಿಯವರನ್ನು ಕಳೆದ ಸಂಚಿಕೆಯಲ್ಲಿ ನಾವು ‘ಅಮೆರಿಕದ ಕಲಾವಿದ’ ಎಂದದ್ದು ತಪ್ಪು, ಅಮೆರಿಕದ ಸಂಸತ್ತು ಕೂಡುವ ವಾಷಿಂಗ್ಟನ್ನಿನ ಕ್ಯಾಪಿಟಲ್ ಭವನದಲ್ಲಿ ದಿನಗೂಲಿಗೆ ಬಣ್ಣ ಬಳಿದ ಇಟಲಿಯವರು ಅವರು ಎಂದು ಬರೆದಿದ್ದೀರಿ.

ಅವರ ಕೈ ಪಳಗಿದ್ದು ರೋಮಿನಲ್ಲೇ, ನಿಜ. ಅದನ್ನು ನಾವು ಹೇಳದೆ ಬಿಟ್ಟದ್ದು ಲೋಪ. 1805ರಲ್ಲಿ ಅಲ್ಲಿ ಹುಟ್ಟಿದರು. ತಂದೆ ಗ್ರೀಕ್, ತಾಯಿ ಇಟಲಿಯವರು. ವ್ಯಾಟಿಕನ್ನಿಗೂ ಕೆಲಸ ಮಾಡಿದ್ದರು. ಪೋಪರ ಆಳ್ವಿಕೆಯ ವಿರುದ್ಧ ಎದ್ದ ರೋಮ್ ಕ್ರಾಂತಿ 1849ರಲ್ಲಿ ಸೋತ ಮೇಲೆ ಸೆರೆಮನೆ ಕಂಡರು. ಪೋಪರ ಕ್ಷಮೆ ಸಿಕ್ಕಿ 1852ರಲ್ಲಿ ನ್ಯೂಯಾರ್ಕಿನಲ್ಲಿ ಇಳಿದಾಗ ವಯಸ್ಸು 47.

ಕೂಲಿಯ ಮಾತೂ ನಿಜ. 1855ರಲ್ಲಿ ಕಟ್ಟಡದ ಉಸ್ತುವಾರಿ ನೋಡುತ್ತಿದ್ದ ಸೇನಾ ಎಂಜಿನಿಯರ್ ಮಾಂಟ್‌ಗೊಮರಿ ಮೀಗ್ಸ್, ಕೈಚಳಕ ನೋಡಲೆಂದು ಕೃಷಿ ಸಮಿತಿಯ ಕೋಣೆಯ ಗೋಡೆ ಕೊಟ್ಟರು. ನೇಗಿಲು ಬಿಟ್ಟು ಯುದ್ಧಕ್ಕೆ ಹೊರಡುವ ಪ್ರಾಚೀನ ರೋಮಿನ ನಾಯಕ ಸಿನ್ಸಿನ್ನಾಟಸ್‌ನನ್ನು ಬ್ರುಮಿಡಿ ಅಲ್ಲಿ ಬರೆದರು. ಸಂಬಳ ದಿನಕ್ಕೆ 8 ಡಾಲರ್, ಮುಂದೆ 10.

ಆದರೆ ‘ಬಣ್ಣ ಬಳಿದ’ ಎಂಬ ಮಾತು ನನಗೆ ನೋವು ತಂದಿತು. ಫ್ರೆಸ್ಕೋ ಎಂದರೆ ಹಸಿ ಸುಣ್ಣದ ಗಾರೆಯ ಮೇಲೆ ಬರೆಯುವ ಚಿತ್ರ. ಅಂದಂದಿಗೆ ಮುಗಿಯುವಷ್ಟೇ ಗಾರೆ ಮೆತ್ತಬೇಕು, ಅದು ಬಿಗಿಯುವ ಮೊದಲೇ ಬರೆದು ಮುಗಿಸಬೇಕು. ಒಣಗುತ್ತಾ ಸುಣ್ಣ ಮತ್ತೆ ಕಲ್ಲಾಗಿ ಬಣ್ಣವನ್ನು ಹಿಡಿದುಕೊಳ್ಳುತ್ತದೆ. ಕೈ ತಪ್ಪಿದರೆ ಆ ಭಾಗವನ್ನೇ ಕೆತ್ತಿ ತೆಗೆದು ಮತ್ತೆ ಗಾರೆ ಹಾಕಬೇಕು. ಈ ಹಟದ ಕೆಲಸವನ್ನು ಅವರು 1865ರಲ್ಲಿ, ಅರವತ್ತರ ವಯಸ್ಸಿನಲ್ಲಿ, ನೆಲದಿಂದ 180 ಅಡಿ ಎತ್ತರದ ಗುಮ್ಮಟದೊಳಗೆ 4,664 ಚದರ ಅಡಿಯಷ್ಟು ಮಾಡಿದರು. ತೆಗೆದುಕೊಂಡದ್ದು ಹನ್ನೊಂದು ತಿಂಗಳು. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ದೇವತೆಯಂತೆ ಮೇಲೇರುವ ಚಿತ್ರ ಅದು.

ಇನ್ನು ದೇಶದ ಪ್ರಶ್ನೆ. ವಲಸೆ ಬಂದವರನ್ನು ಕಂಡರಾಗದ ಪಕ್ಷವೊಂದು ಬಲವಾಗಿದ್ದ ಕಾಲವದು. ಸರ್ಕಾರಿ ಗೋಡೆಗಳು ಪರದೇಶಿಗಳ ಪಾಲಾಗುತ್ತಿವೆ ಎಂದು ಅಲ್ಲಿನ ಕಲಾವಿದರೇ 1858ರಲ್ಲಿ ಕಾಂಗ್ರೆಸ್ಸಿಗೆ, ಅಂದರೆ ಅಮೆರಿಕದ ಸಂಸತ್ತಿಗೆ, ಮನವಿ ಕೊಟ್ಟರು. ಅದರ ಹಿಂದಿನ ವರ್ಷ ಬ್ರುಮಿಡಿ ಪೌರತ್ವ ಪಡೆದಿದ್ದರು. ಆ ವರ್ಷವೇ ಪ್ರತಿನಿಧಿ ಸಭೆಯ ಸಭಾಂಗಣದಲ್ಲಿ ಬರೆದ ಚಿತ್ರಕ್ಕೆ ಹೆಸರು ಹಾಕಿ, ಪಕ್ಕದಲ್ಲೇ ‘ಕಲಾವಿದ, ಅಮೆರಿಕದ ಪ್ರಜೆ’ ಎಂದು ಸೇರಿಸಿದರು. ತಮ್ಮ ಬಗ್ಗೆ ಅವರೇ ಗೋಡೆಯ ಮೇಲೆ ಬರೆದದ್ದನ್ನು ನಾನು ಹೇಗೆ ತಿದ್ದಲಿ?

1879ರಲ್ಲಿ ಗುಮ್ಮಟದ ಕೆಳಗಿನ ಚಿತ್ರಪಟ್ಟಿ ಬರೆಯುತ್ತಿದ್ದಾಗ ಕೂತಿದ್ದ ಕುರ್ಚಿ ಅಟ್ಟಣಿಗೆಯಿಂದ ಜಾರಿತು. ಎಪ್ಪತ್ತನಾಲ್ಕರ ಮುದುಕ ಏಣಿಯ ಮೆಟ್ಟಿಲು ಹಿಡಿದು ನೇತಾಡಿದರು. ಯಾರೋ ಬಂದು ಉಳಿಸಿದರು. ಮರುವರ್ಷದ ಫೆಬ್ರವರಿಯಲ್ಲಿ ತೀರಿಕೊಂಡರು. ವಾಷಿಂಗ್ಟನ್ನಿನ ಅವರ ಸಮಾಧಿಗೆ ಹೆಸರಿನ ಫಲಕ ಬಂದದ್ದು 1952ರಲ್ಲಿ.

– ಸಂಪಾದಕ